ಲ್ಯುಕೇಮಿಯಾ ಚಿಕಿತ್ಸೆಯ ನಡುವೆ ನಾಲ್ಕು ವರ್ಷದ ಮಗ: ಜ್ವರ, ಮಾತ್ರೆ, ಹಠ ಮತ್ತು ನಿಜ ಹೇಳುವುದು

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ನಾಲ್ಕು ವರ್ಷದ ಮಗನಿಗೆ ನಾಲ್ಕು ತಿಂಗಳ ಹಿಂದೆ ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಮೊದಲ ತಿಂಗಳೇ ಜ್ವರ ಬಂದು ಐಸಿಯುನಲ್ಲಿದ್ದ. ಅದಾದ ಮೇಲೆ ಒಂದು ಇಂಜೆಕ್ಷನ್‌ನಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿತು. ಈಗ ಪಾದ ಎತ್ತಲಾಗದೆ ಕಾಲು ಎಳೆದುಕೊಂಡು ನಡೆಯುತ್ತಾನೆ. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ಚೆನ್ನಾಗಿದೆ ಅಂತ ಡಾಕ್ಟರು ಹೇಳುತ್ತಾರೆ. ಆದರೂ ಒಂದರ ಹಿಂದೆ ಒಂದು ಬರುತ್ತಿರುವುದು ನೋಡಿದರೆ ಕಾಯಿಲೆ ಕೈ ಮೀರುತ್ತಿದೆಯೇನೋ ಎಂಬ ಭಯ. ರಾತ್ರಿ ಮಾತ್ರೆ ಎಂದರೆ ಹೊಡೆಯುತ್ತಾನೆ, ಉಗುಳುತ್ತಾನೆ. ಮೊನ್ನೆ ಸೂಜಿ ಚುಚ್ಚಿದ ಮೇಲೆ ‘ಅಮ್ಮ, ನಾನೇನು ತಪ್ಪು ಮಾಡ್ದೆ’ ಅಂತ ಕೇಳಿದ. ಒಂಬತ್ತು ವರ್ಷದ ಮಗಳನ್ನು ತವರಲ್ಲಿ ಬಿಟ್ಟಿದ್ದೇವೆ. ಮನೆಯಲ್ಲಿ ಮೈದುನನ ಎಂಟು ತಿಂಗಳ ಮಗು ಇದೆ. ನಾದಿನಿ, ‘ಇಷ್ಟು ಕಷ್ಟ ಕೊಡೋದು ಬಿಟ್ಟು ನಾಟಿ ಔಷಧಿ ಮಾಡಿಸಿ’ ಅನ್ನುತ್ತಾರೆ. ಈ ಮಗುವನ್ನು ಹೇಗೆ ಬೆಳೆಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಬೇಗ ದಾಟಿ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ: ಮಜ್ಜೆ ಪರೀಕ್ಷೆ ಚೆನ್ನಾಗಿದೆ. ಕಾಯಿಲೆ ಎಷ್ಟು ಕರಗಿದೆ ಎಂಬುದು ಒಂದು ಲೆಕ್ಕ. ಔಷಧಿಯನ್ನು ದೇಹ ಎಷ್ಟು ತಾಳಿಕೊಂಡಿದೆ ಎಂಬುದು ಬೇರೆಯೇ ಲೆಕ್ಕ. ನಿಮ್ಮ ಮಗ ಈ ನಾಲ್ಕು ತಿಂಗಳಲ್ಲಿ ಪಟ್ಟಿರುವ ಕಷ್ಟವೆಲ್ಲ ಎರಡನೆಯ ಲೆಕ್ಕಕ್ಕೆ ಸೇರಿದ್ದು. ಮೊದಲನೆಯದರಲ್ಲಿ ಅವನು ಗೆಲ್ಲುತ್ತಿದ್ದಾನೆ.

ಇಂಡಕ್ಷನ್ ಎಂದು ಕರೆಯುವ ಮೊದಲ ನಾಲ್ಕೈದು ವಾರ ಮುಗಿದ ಮೇಲೆ ಮಕ್ಕಳ ಕ್ಯಾನ್ಸರ್ ವೈದ್ಯರಾದ ನಾವು ಮಜ್ಜೆಯಲ್ಲಿ ಎಂ.ಆರ್.ಡಿ. ಎಂಬ ಪರೀಕ್ಷೆ ಮಾಡುತ್ತೇವೆ (ಮುಂದೆ ‘ನಾವು’, ‘ನಮಗೆ’ ಎಂದಲ್ಲೆಲ್ಲ ನಿಮ್ಮ ಮಗನಿಗೆ ಚಿಕಿತ್ಸೆ ಕೊಡುತ್ತಿರುವ ತಂಡ ಎಂದೇ ಓದಿಕೊಳ್ಳಿ). ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳದ ಲ್ಯುಕೇಮಿಯಾ ಕಣಗಳು ಎಷ್ಟು ಉಳಿದಿವೆ ಎಂದು ಅದು ಹೇಳುತ್ತದೆ. ಸೇ. 0.01ಕ್ಕಿಂತ ಕಡಿಮೆ, ಅಂದರೆ 10,000 ಕಣಗಳಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ಸೂಚನೆ. ಮುಂದಿನ ಭೇಟಿಯಲ್ಲಿ ಆ ಸಂಖ್ಯೆ ಎಷ್ಟು ಬಂತು ಎಂದು ಕೇಳಿ, ಫೈಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಭಯ ಹತ್ತಿದ ರಾತ್ರಿ ನೋಡಬೇಕಾದದ್ದು ಅದನ್ನು. ಶ್ರೀಮಂತ ದೇಶಗಳಲ್ಲಿ ಎ.ಎಲ್.ಎಲ್. ಬಂದ 10 ಮಕ್ಕಳಲ್ಲಿ ಸುಮಾರು 9 ಮಂದಿ ಗುಣವಾಗುತ್ತಾರೆ. ನಮ್ಮಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ. ಅದಕ್ಕೆ ಕಾಯಿಲೆ ಮರುಕಳಿಸುವುದೊಂದೇ ಕಾರಣವಾಗಿದ್ದರೆ ನಿಮಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಸೋಂಕಿಗೆ ತಡವಾಗಿ ಚಿಕಿತ್ಸೆ ಸಿಗುವುದು ಮತ್ತು ಅರ್ಧದಲ್ಲಿ ಚಿಕಿತ್ಸೆ ಬಿಟ್ಟುಹೋಗುವುದು ಕೂಡ ದೊಡ್ಡ ಕಾರಣಗಳು. ಆ ಎರಡರಲ್ಲೂ ತಂದೆತಾಯಿಯ ಕೈಯಲ್ಲಿ ಬಹಳಷ್ಟಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೂರೂ ತೊಂದರೆಗಳು ಎಲ್ಲಿಂದ ಬಂದವು ಎಂದು ಹೇಳಿಬಿಡುತ್ತೇನೆ. ಕಿಮೋ ಔಷಧಿಗಳು ಮಜ್ಜೆಯಲ್ಲಿನ ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಒರೆಸುತ್ತವೆ. ಸೋಂಕಿನ ವಿರುದ್ಧ ಮೊದಲು ಓಡಿಬರುವ ನ್ಯೂಟ್ರೋಫಿಲ್ ಕಣಗಳು 500ಕ್ಕಿಂತ ಕೆಳಗಿಳಿದಾಗ ನಮ್ಮದೇ ಕರುಳು, ಚರ್ಮದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಬಹುದು. ಐಸಿಯುಗೆ ಕರೆದೊಯ್ದದ್ದು ಅದು. ಮೇದೋಜೀರಕದ ತೊಂದರೆ ಆಸ್ಪರಾಜಿನೇಸ್ ಇಂಜೆಕ್ಷನ್ನಿನದು. ಲ್ಯುಕೇಮಿಯಾ ಕಣಗಳು ಆಸ್ಪರಾಜಿನ್ ಎಂಬ ಆಹಾರಾಂಶವನ್ನು ತಾವೇ ಸಾಕಷ್ಟು ತಯಾರಿಸಿಕೊಳ್ಳಲಾರವು. ಈ ಔಷಧಿ ರಕ್ತದಲ್ಲಿರುವ ಆ ಅಂಶವನ್ನು ಒಡೆದು ಅವನ್ನು ಉಪವಾಸ ಕೆಡವುತ್ತದೆ. ಕೆಲವು ಮಕ್ಕಳಲ್ಲಿ ಅದೇ ಹೊಡೆತ ಮೇದೋಜೀರಕಕ್ಕೂ ತಾಗುತ್ತದೆ. ಊತ ತೀವ್ರವಾಗಿದ್ದರೆ ಆ ಔಷಧಿಯನ್ನು ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ. ಅದನ್ನು ಬಿಡುವುದು ಸಣ್ಣ ತೀರ್ಮಾನವಲ್ಲ, ನಿಮ್ಮ ವೈದ್ಯರು ತೂಗಿ ನೋಡಿಯೇ ಮಾಡಿರುತ್ತಾರೆ. ಅದರ ಬದಲಿಗೆ ಏನು ಯೋಚಿಸಿದ್ದೀರಿ ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ. ಹೊಟ್ಟೆನೋವು ಬೆನ್ನಿಗೆ ಹೊಡೆದು ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಪಾದ ಎತ್ತಲಾಗದಿರುವುದು ವಿಂಕ್ರಿಸ್ಟಿನ್ ಎಂಬ ಕಿಮೋ ಇಂಜೆಕ್ಷನ್‌ನಿಂದ ನರಗಳಿಗೆ ಆದ ಸುಸ್ತು. ಔಷಧಿ ಕಡಿಮೆಯಾದಂತೆ ತಿಂಗಳುಗಳಲ್ಲಿ ಬಹುತೇಕ ಮಕ್ಕಳಿಗೆ ಸುಧಾರಿಸುತ್ತದೆ. ಆದರೆ ಸುಮ್ಮನೆ ಕಾಯುತ್ತ ಕೂತರೆ ಹಿಮ್ಮಡಿಯ ಸ್ನಾಯು ಬಿಗಿದುಕೊಳ್ಳುತ್ತದೆ. ಆದ್ದರಿಂದ ಫಿಸಿಯೋಥೆರಪಿ ಇವತ್ತೇ ಶುರುವಾಗಬೇಕು. ಅಗತ್ಯವಿದ್ದರೆ ಕಾಲಿಗೆ ಪಟ್ಟಿ ಕೊಡುತ್ತಾರೆ. ಅಟ್ಟ ಹತ್ತಿಸುವುದು, ಬರಿಗಾಲಲ್ಲಿ ಹೊಲಕ್ಕೆ ಬಿಡುವುದು ಸದ್ಯ ಬೇಡ. ಇದೇ ಔಷಧಿ ಕರುಳನ್ನೂ ನಿಧಾನ ಮಾಡುತ್ತದೆ, ದವಡೆ ನೋವು ತರುತ್ತದೆ. ಎರಡು ದಿನ ಮಲ ಹೋಗದಿದ್ದರೆ ನಮಗೆ ಹೇಳಿ, ಸಿರಪ್ ಕೊಡುತ್ತೇವೆ. ಗುದದ್ವಾರದಲ್ಲಿ ಸಾಬೂನಿನ ತುಂಡು, ವೀಳ್ಯದೆಲೆ ತೊಟ್ಟು, ಎನಿಮಾ, ಯಾವುದೂ ಬೇಡ. ಅಲ್ಲಿ ಆಗುವ ಸಣ್ಣ ಗೀರು ಕೂಡ ಕಣಗಳು ಕಡಿಮೆಯಿರುವಾಗ ರಕ್ತಸೋಂಕಿಗೆ ದಾರಿ. ಇನ್ನೊಂದು ಮಾತು: ಊರಿನ ಡಾಕ್ಟರು ಬಾಯಿಯ ಬಿಳಿ ಕಲೆಗೆ ಫಂಗಸ್ ಮಾತ್ರೆ ಬರೆದುಕೊಟ್ಟರೆ ನುಂಗಿಸುವ ಮೊದಲು ನಮಗೆ ಫೋನ್ ಮಾಡಿ. ಆ ಗುಂಪಿನ ಕೆಲವು ಔಷಧಿಗಳು ವಿಂಕ್ರಿಸ್ಟಿನ್ ದೇಹದಿಂದ ಹೊರಹೋಗದಂತೆ ತಡೆದು ನರದ ತೊಂದರೆಯನ್ನು ಇನ್ನೂ ಹೆಚ್ಚಿಸುತ್ತವೆ.

ಇನ್ನು ಜ್ವರ. ಈ ಇಡೀ ಪತ್ರದಲ್ಲಿ ಒಂದೇ ವಿಷಯ ನೆನಪಿಡಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ, ಬಗಲಲ್ಲೇ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಹೊರಡುವ ಹೊತ್ತು ಎಂದೇ ಅರ್ಥ. ಪ್ಯಾರಾಸಿಟಮಾಲ್ ಹಾಕಿ ಬೆಳಗ್ಗೆ ನೋಡೋಣ ಎನ್ನುವುದು ಬೇರೆ ಮಕ್ಕಳಿಗೆ ಸರಿ, ಇವನಿಗೆ ಸಲ್ಲದು. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಹರಡುತ್ತಿರುತ್ತದೆ. ಐಬುಪ್ರೊಫೇನ್, ಆಸ್ಪಿರಿನ್ ಇರುವ ಯಾವುದನ್ನೂ ಕೊಡಬೇಡಿ, ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ರಕ್ತಸ್ರಾವವಾಗುತ್ತದೆ. ಅದೇ ಕಾರಣಕ್ಕೆ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದೂ ಬೇಡ.

ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎನ್ನುವುದು ಪ್ರಪಂಚದ ಬಹಳಷ್ಟು ಮಕ್ಕಳ ಕ್ಯಾನ್ಸರ್ ವಿಭಾಗಗಳು ಇಟ್ಟುಕೊಂಡ ಗುರಿ. ನಿಮ್ಮೂರಿಂದ ಬೆಂಗಳೂರು ಸುಮಾರು 150 ಕಿ.ಮೀ., ಹಾಸನ ಸುಮಾರು 40. ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ನೇರ ಬೆಂಗಳೂರಿನ ಬಸ್ ಹತ್ತುವುದು ತಪ್ಪು ತೀರ್ಮಾನವಾಗಬಹುದು. ಹಾಗಾಗಿ ಈಗಲೇ, ಮಗ ಚೆನ್ನಾಗಿರುವಾಗಲೇ, ನಿಮ್ಮ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಮಗುವಿನ ಕಾಯಿಲೆ, ತೂಕ, ಯಾವ ಔಷಧಿಗೆ ಅಲರ್ಜಿ, ಜ್ವರ ಬಂದರೆ ಮೊದಲ ಡೋಸ್ ಯಾವ ಆ್ಯಂಟಿಬಯೋಟಿಕ್ ಎಷ್ಟು ಕೊಡಬೇಕು, ಕರೆ ಮಾಡಬೇಕಾದ ಫೋನ್ ನಂಬರ್, ಎಲ್ಲ ಅದರಲ್ಲಿರಲಿ. ಅದನ್ನು ಹಿಡಿದು ಹಾಸನದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಒಮ್ಮೆ ಹಗಲಲ್ಲಿ ಹೋಗಿ ಮಾತಾಡಿಬನ್ನಿ. ಮೊದಲ ಡೋಸ್ ಅಲ್ಲಿ, ಆಮೇಲೆ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ. ರಾತ್ರಿ ಯಾರ ಗಾಡಿ ಸಿಗುತ್ತದೆ ಎಂದು ಕೂಡ ಮೊದಲೇ ಮಾತಾಡಿಟ್ಟುಕೊಳ್ಳಿ. ಸ್ಟೀರಾಯ್ಡ್ ನಡೆಯುತ್ತಿರುವ ದಿನಗಳಲ್ಲಿ ಜ್ವರವೇ ಬಾರದೆ ಸೋಂಕು ಬೆಳೆಯಬಹುದು. ಕೈಕಾಲು ತಣ್ಣಗಾಗಿ, ಮಂಕು ಹಿಡಿದು, ಆಟ ಬಿಟ್ಟು ಮಲಗಿದರೆ ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ. ತೀವ್ರ ತಲೆನೋವು, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು, ಉಸಿರಿನ ಏದುಸಿರು, ನಿಲ್ಲದ ಮೂಗಿನ ರಕ್ತ, ಇವಕ್ಕೂ ಇದೇ ಮಾತು. ಸುಮ್ಮನೆ ಬಂದೆವೇನೋ ಎಂಬ ಸಂಕೋಚ ಬೇಡ. ಜ್ವರವೆಂದು ಹತ್ತು ಸಲ ಬಂದು ಹತ್ತು ಸಲವೂ ಏನೂ ಇಲ್ಲದೆ ಹಿಂದಿರುಗಿದ ತಾಯಿಯನ್ನು ನಾವು ಮೆಚ್ಚುತ್ತೇವೆ.

‘ನಾನೇನು ತಪ್ಪು ಮಾಡ್ದೆ’ ಎಂಬ ಅವನ ಪ್ರಶ್ನೆಗೆ ಬರುತ್ತೇನೆ. ಈ ವಯಸ್ಸಿನ ಬಹಳಷ್ಟು ಮಕ್ಕಳು ಇದನ್ನು ಯೋಚಿಸುತ್ತಾರೆ, ಕೇಳುವವರು ಕಡಿಮೆ. ನಾಲ್ಕು ವರ್ಷದವನ ಲೋಕದಲ್ಲಿ ನಡೆಯುವುದೆಲ್ಲ ತನ್ನಿಂದಲೇ. ನೋವಾಯಿತು ಎಂದರೆ ಶಿಕ್ಷೆ ಸಿಕ್ಕಿತು ಎಂದೇ ಅವನ ಲೆಕ್ಕ. ನಮ್ಮ ಮನೆಗಳಲ್ಲಿ ‘ಹಠ ಮಾಡಿದ್ರೆ ಡಾಕ್ಟ್ರಿಗೆ ಹೇಳಿ ಸೂಜಿ ಚುಚ್ಚಿಸ್ತೀನಿ’ ಎಂದು ಹೆದರಿಸುವ ರೂಢಿ ಬೇರೆ. ಆ ಮಾತು ನಿಮ್ಮ ಮನೆಯಲ್ಲಿ ಇನ್ನು ಯಾರ ಬಾಯಲ್ಲೂ ಬರಬಾರದು, ಅಜ್ಜಿಯ ಬಾಯಲ್ಲೂ. ಅವನಿಗೆ ಹೀಗೆ ಹೇಳಿ: ‘ನೀನು ಏನೂ ತಪ್ಪು ಮಾಡಿಲ್ಲ ಕಂದ. ನಿನ್ನ ರಕ್ತದೊಳಗೆ ಒಂದು ಕಾಯಿಲೆ ಬಂದಿದೆ, ಅದರ ಹೆಸರು ಲ್ಯುಕೇಮಿಯಾ. ಅದು ಯಾರಿಂದಲೂ ಬಂದಿದ್ದಲ್ಲ. ಅದನ್ನ ಓಡಿಸೋಕೆ ಔಷಧಿ ಬೇಕು, ಕೆಲವು ಔಷಧಿ ನೋವು ಕೊಡುತ್ತೆ. ನೋವಾದಾಗ ಅಳಬಹುದು. ನಾನು ನಿನ್ನ ಜೊತೆಗೇ ಇರ್ತೀನಿ.’ ಇದನ್ನು ಒಮ್ಮೆ ಹೇಳಿದರೆ ಸಾಲದು. ಮತ್ತೆ ಮತ್ತೆ ಕೇಳುತ್ತಾನೆ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ.

ಇದೇ ಮಾತನ್ನು ನಿಮಗೂ ಹೇಳಬೇಕು, ಏಕೆಂದರೆ ಆ ಪ್ರಶ್ನೆ ನಿಮ್ಮೊಳಗೂ ಇದೆ ಎಂದು ಪತ್ರದ ಧಾಟಿಯೇ ಹೇಳುತ್ತದೆ. ಬಸಿರಿನಲ್ಲಿ ತಿಂದದ್ದು, ಎದೆಹಾಲು ಬೇಗ ಬಿಡಿಸಿದ್ದು, ಹರಕೆ ತಪ್ಪಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಮಜ್ಜೆಯ ಒಂದು ಕಣದ ಒಳಗೆ ಅಕಸ್ಮಾತ್ತಾಗಿ ಆಗುವ ಬದಲಾವಣೆ ಇದು, ಹಲವು ಮಕ್ಕಳಲ್ಲಿ ಹುಟ್ಟುವ ಮೊದಲೇ ಆಗಿರುತ್ತದೆ. ತಡೆಯಲು ನೀವು ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ.

ಸೂಜಿಯ ವಿಷಯದಲ್ಲಿ ಮಗನಿಗೆ ಎಂದೂ ಸುಳ್ಳು ಹೇಳಬೇಡಿ. ‘ಪೇಟೆಗೆ ಹೋಗೋಣ ಬಾ’ ಎಂದು ಆಸ್ಪತ್ರೆಗೆ ಕರೆತರುವುದು, ‘ನೋವೇ ಆಗಲ್ಲ’ ಎನ್ನುವುದು ಆ ದಿನವನ್ನು ಸುಲಭ ಮಾಡುತ್ತದೆ, ಮುಂದಿನ ಎರಡು ವರ್ಷಗಳನ್ನು ಕಠಿಣ ಮಾಡುತ್ತದೆ. ಅವನು ನಂಬುವುದನ್ನು ನಿಲ್ಲಿಸಿದರೆ ಆಟದ ದಿನಗಳಲ್ಲೂ ಎಚ್ಚರವಾಗಿ ಕೂರುತ್ತಾನೆ. ತೀರಾ ಮುಂಚೆ ಹೇಳಿದರೆ ರಾತ್ರಿಯಿಡೀ ಅಳುತ್ತಾನೆ, ಅದೂ ಬೇಡ. ಬೆಳಗ್ಗೆ ಹೊರಡುವಾಗ, ಏನು ನಡೆಯುತ್ತದೆ ಎಂದು ಎರಡು ಸಾಲಿನಲ್ಲಿ ಹೇಳಿ. ಸೂಜಿ ಬೇಕೋ ಬೇಡವೋ ಎಂದು ಕೇಳಬೇಡಿ, ಅದು ನಿಜವಾದ ಆಯ್ಕೆಯಲ್ಲ. ಎಡಗೈಯೋ ಬಲಗೈಯೋ, ನನ್ನ ತೊಡೆ ಮೇಲೋ ಅಪ್ಪನ ತೊಡೆ ಮೇಲೋ ಎಂದು ಕೇಳಿ. ನಾಲ್ವರು ಹಿಡಿದು ಮಲಗಿಸುವುದಕ್ಕಿಂತ ತಾಯಿಯ ಎದೆಗೆ ಆನಿಸಿ ಕೂರಿಸಿಕೊಂಡು ಕೈ ಚಾಚಿಸುವುದು ಎಷ್ಟೋ ಮೇಲು. ನೋವು ಮರಗಟ್ಟಿಸುವ ಕ್ರೀಮ್ ಇದೆ, ಸೂಜಿಗೆ ಒಂದು ಗಂಟೆ ಮೊದಲು ಹಚ್ಚಬೇಕು. ಬೆಳಗಿನ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ನೀವೇ ಕೇಳಿ ಪಡೆಯಿರಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುವ ಇಂಜೆಕ್ಷನ್‌ಗೆ ನಿದ್ದೆ ಬರಿಸುವ ವ್ಯವಸ್ಥೆ ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಿ. ಮನೆಯಲ್ಲಿ ಅವನು ಗೊಂಬೆಗೆ, ನಿಮಗೆ, ನಾಯಿಗೆ ಸೂಜಿ ಚುಚ್ಚುವ ಆಟ ಆಡಿದರೆ ತಡೆಯಬೇಡಿ. ಮಾತಿನಲ್ಲಿ ಹೇಳಲಾಗದ್ದನ್ನು ಅವನು ಅಲ್ಲಿ ಹೇಳುತ್ತಿದ್ದಾನೆ.

ಮಾತ್ರೆಯ ಜಗಳಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ರಾತ್ರಿ ನುಂಗುವ ಮರ್ಕ್ಯಾಪ್ಟೊಪ್ಯೂರಿನ್ ನೋಡಲು ಸಾಧಾರಣ ಮಾತ್ರೆ. ಆದರೆ ಇದನ್ನು ಸೇ. 95ಕ್ಕಿಂತ ಕಡಿಮೆ ದಿನ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಅಂದರೆ ತಿಂಗಳಿಗೆ ಎರಡು ರಾತ್ರಿ ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ದಿನವೂ ಅದೇ ಹೊತ್ತು, ಅದೇ ಜಾಗ, ಕೊಡುವವರು ಒಬ್ಬರೇ ಇರಲಿ. ಔಷಧಿ ಕೊಡುವ ವಿಧಾನವನ್ನು ಫಾರ್ಮಸಿಯಲ್ಲಿ ಕೇಳಿಕೊಂಡು, ಕರಗಿಸಬಹುದು ಎಂದರೆ ಒಂದು ಚಮಚ ಬೆಲ್ಲದ ಪಾಕದಲ್ಲೋ ಹಿಚುಕಿದ ಬಾಳೆಹಣ್ಣಿನಲ್ಲೋ ಕೊಡಿ. ಲೋಟದ ಹಾಲಿಗೆ, ತಟ್ಟೆಯ ಅನ್ನಕ್ಕೆ ಬೆರೆಸಬೇಡಿ. ಅರ್ಧ ಬಿಟ್ಟರೆ ಎಷ್ಟು ಹೊಟ್ಟೆಗೆ ಹೋಯಿತೋ ತಿಳಿಯದು, ಮೇಲಾಗಿ ಆ ಹಾಲನ್ನೂ ದ್ವೇಷಿಸತೊಡಗುತ್ತಾನೆ. ಚಾಕೊಲೇಟ್ ಎಂದು ಹೆಸರಿಟ್ಟು ಕೊಡುವುದೂ ಬೇಡ. ಮಾತ್ರೆ ಮಾತ್ರೆಯೇ. ನುಂಗಲು ಕಲಿಸಬೇಕೆಂದರೆ ಹಗಲಿನಲ್ಲಿ, ಜಗಳವಿಲ್ಲದ ಹೊತ್ತಿನಲ್ಲಿ, ಬೆಂದ ಸಬ್ಬಕ್ಕಿ ಕಾಳಿನಿಂದ ಅಭ್ಯಾಸ ಮಾಡಿಸಿ. ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅವನ ಕೈಯಲ್ಲೇ ಬಣ್ಣದ ಗುರುತು ಹಾಕಿಸಿ, ಆ ಕ್ಯಾಲೆಂಡರನ್ನು ನಮಗೂ ತೋರಿಸಿ. ವಾಂತಿಯಾದರೆ ನೀವೇ ಇನ್ನೊಂದು ಕೊಡದೆ ಕರೆ ಮಾಡಿ ಕೇಳಿ. ತಪ್ಪಿದ ರಾತ್ರಿಗಳನ್ನು ನಮ್ಮಿಂದ ಮುಚ್ಚಿಡಬೇಡಿ. ಮಾತ್ರೆ ಸರಿಯಾಗಿ ಹೋಗಿದೆ ಎಂದು ನಂಬಿ ನಾವು ಡೋಸ್ ಹೆಚ್ಚಿಸಿದರೆ ಮಗುವಿಗೇ ಅಪಾಯ.

ಮುಂದೆ, ಕಾಯಿಲೆ ಮರಳದಂತೆ ದೀರ್ಘಕಾಲ ಮಾತ್ರೆ ಕೊಡುವ ಮೇಂಟೆನೆನ್ಸ್ ಹಂತ ಬಂದಾಗ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯೂ ಸೇರುತ್ತದೆ. ಅದು ವಾರಕ್ಕೆ ಒಂದೇ ದಿನ. ದಿನವೂ ಕೊಟ್ಟರೆ ಜೀವಕ್ಕೇ ಮುಳುವಾಗುತ್ತದೆ. ಡಬ್ಬಿಯ ಮೇಲೆ ಆ ದಿನದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಬೇರೆ ಕಪಾಟಿನಲ್ಲಿಡಿ. ಈ ಮಾತ್ರೆಗಳನ್ನು ಬರಿಗೈಯಲ್ಲಿ ಮುರಿಯಬೇಡಿ, ಮನೆಯಲ್ಲಿ ಬಸುರಿಯರಿದ್ದರೆ ಅವರು ಮುಟ್ಟುವುದೂ ಬೇಡ. ಕೆಲವು ಮಕ್ಕಳಲ್ಲಿ ಮರ್ಕ್ಯಾಪ್ಟೊಪ್ಯೂರಿನ್‌ನ ಸಣ್ಣ ಡೋಸಿಗೇ ರಕ್ತದ ಕಣಗಳು ತೀರಾ ಇಳಿದುಬಿಡುತ್ತವೆ. ನಮ್ಮ ದೇಶದ ಹಲವರಲ್ಲಿ ಇರುವ ನುಡ್ಟ್-15 ಎಂಬ ವಂಶವಾಹಿಯ ವ್ಯತ್ಯಾಸ ಅದಕ್ಕೊಂದು ಕಾರಣ. ಡಾಕ್ಟರು ಡೋಸ್ ತಗ್ಗಿಸಿದರು ಎಂದರೆ ಚಿಕಿತ್ಸೆ ಸಡಿಲವಾಯಿತು ಎಂದು ಗಾಬರಿಯಾಗಬೇಡಿ, ಅವನ ದೇಹಕ್ಕೆ ಅಷ್ಟೇ ಸಾಕು.

ಹಠದ ಬಗ್ಗೆ. ಸ್ಟೀರಾಯ್ಡ್ ನಡೆಯುವ ವಾರಗಳಲ್ಲಿ ಅವನ ಕೋಪ, ಅಳು, ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಬೇಕೆನ್ನುವ ಹಸಿವು ಔಷಧಿಯದು. ಆ ದಿನಗಳಲ್ಲಿ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಉಪ್ಪು, ಕರಿದದ್ದು ಕಡಿಮೆ ಮಾಡಿ, ಇಡ್ಲಿಯನ್ನೋ ಮೊಸರನ್ನವನ್ನೋ ಸ್ವಲ್ಪ ಸ್ವಲ್ಪವೇ ಕೊಟ್ಟು ದಾಟಿಸಿ. ಉಳಿದ ದಿನಗಳಲ್ಲಿ ಮನೆಯ ನಿಯಮ ಅವನಿಗೂ ಇರಲಿ. ಹೊಡೆಯುವಂತಿಲ್ಲ, ಉಗುಳುವಂತಿಲ್ಲ. ಕೈಯನ್ನು ಮೆಲ್ಲಗೆ ಹಿಡಿದು ‘ಕೋಪ ಬಂದಿದೆ ಅಂತ ಗೊತ್ತು, ಹೊಡಿಯೋ ಹಾಗಿಲ್ಲ’ ಎಂದಷ್ಟೇ ಹೇಳಿ. ಪಾಪ, ಕಾಯಿಲೆಯ ಮಗು ಎಂದು ಎಲ್ಲಕ್ಕೂ ಹೂಂ ಎನ್ನುವ ಮನೆಗಳಲ್ಲಿ ಮಕ್ಕಳು ಸಂತೋಷವಾಗಿರುವುದನ್ನು ನಾನು ಕಂಡಿಲ್ಲ, ಅವರು ಇನ್ನಷ್ಟು ಹೆದರುತ್ತಾರೆ. ಅಪ್ಪ ಅಮ್ಮ ಇದ್ದಕ್ಕಿದ್ದಂತೆ ಗದರುವುದನ್ನೇ ಬಿಟ್ಟರೆ ಏನೋ ದೊಡ್ಡ ಅನಾಹುತವಾಗಿದೆ ಎಂದು ಆ ಮನಸ್ಸಿಗೂ ತಿಳಿಯುತ್ತದೆ. ಮೊಬೈಲ್ ಆಸ್ಪತ್ರೆಯ ಕಾಯುವ ಹೊತ್ತಿಗೆ ಇರಲಿ. ಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಂದು ಕೆಲಸ ಕೊಡಿ.

ಈಗ ನಾದಿನಿಯ ಮಾತು. ಅವರು ಮಗುವಿನ ನೋವು ನೋಡಲಾಗದೆ ಹಾಗೆ ಹೇಳುತ್ತಿದ್ದಾರೆ, ಜಗಳಕ್ಕೆ ಹೋಗಬೇಡಿ. ಆದರೆ ನಿಮ್ಮ ಉತ್ತರ ಗಟ್ಟಿಯಾಗಿರಲಿ. ವಿಂಕ್ರಿಸ್ಟಿನ್ ನಿಮ್ಮ ಅಂಗಳದಲ್ಲೂ ಇರಬಹುದಾದ ನಿತ್ಯಪುಷ್ಪ ಗಿಡದಿಂದಲೇ ಬಂದದ್ದು. ಗಿಡಮೂಲಿಕೆಗೆ ಶಕ್ತಿಯಿಲ್ಲ ಎಂದು ನಾವು ಹೇಳುತ್ತಿಲ್ಲ. ಶಕ್ತಿ ಇರುವುದರಿಂದಲೇ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತೇವೆ. ಆ ಗಿಡದ ಕಷಾಯ ಕುಡಿಸಿದರೆ ವಿಷ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ರೋಗಿಗಳ ಬಗ್ಗೆ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ, ನಿಮ್ಮ ಮಗನ ಮರ್ಕ್ಯಾಪ್ಟೊಪ್ಯೂರಿನ್, ಮುಂದೆ ಸೇರುವ ಮೆಥೊಟ್ರೆಕ್ಸೇಟ್ ಎರಡೂ ಮೊದಲೇ ಲಿವರ್ ಮೇಲೆ ಭಾರ ಹಾಕುವಂಥವು. ಡೆಂಗಿಗೆಂದು ಪಪ್ಪಾಯಿ ಎಲೆ ರಸ ಕುಡಿಸುವಂತೆ ಇಲ್ಲಿ ಪ್ಲೇಟ್‌ಲೆಟ್ಟಿಗೆಂದು ಹಸಿ ರಸ ಕುಡಿಸುವುದೂ ಬೇಡ. 1948ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಒಂದೇ ಔಷಧಿಯಿಂದ ಕೆಲವು ಲ್ಯುಕೇಮಿಯಾ ಮಕ್ಕಳನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಆ ಮಕ್ಕಳು ಆಟವಾಡುವಷ್ಟಾದರು, ತಿಂಗಳುಗಳಲ್ಲಿ ಕಾಯಿಲೆ ಮರಳಿತು. ಹಲವು ಔಷಧಿಗಳನ್ನು ಸೇರಿಸಿ, ಮೆದುಳಿನ ಸುತ್ತಲಿನ ದ್ರವಕ್ಕೂ ಮದ್ದು ತಲುಪಿಸಿ, ಎರಡು ಎರಡೂವರೆ ವರ್ಷ ಬಿಡದೆ ಕೊಟ್ಟಾಗ ಮಾತ್ರ ಅದು ಮರಳದೆ ಉಳಿಯಿತು. ಮಗ ಈಗ ಚೆನ್ನಾಗಿ ಕಂಡರೂ ನಡುವೆ ಬಿಡಬಾರದು ಎನ್ನುವುದಕ್ಕೆ ಕಾರಣ ಇದು. ನಾದಿನಿಯನ್ನು ಒಮ್ಮೆ ಆಸ್ಪತ್ರೆಗೆ ಕರೆತನ್ನಿ. ನಾವೇ ಕೂತು ಮಾತಾಡುತ್ತೇವೆ, ಚಿಕಿತ್ಸೆ ಮುಗಿಸಿ ಶಾಲೆಗೆ ಹೋಗುತ್ತಿರುವ ಮಕ್ಕಳು ಫಾಲೋಅಪ್‌ಗೆ ಬರುವ ದಿನವೇ ಬಂದರೆ ಇನ್ನೂ ಒಳ್ಳೆಯದು.

ದೇವರ ವಿಷಯದಲ್ಲಿ ಯಾರ ಮನಸ್ಸೂ ನೋಯಿಸಬೇಕಿಲ್ಲ. ಹರಕೆ ಇರಲಿ, ತೀರಿಸುವುದು ಚಿಕಿತ್ಸೆ ಮುಗಿದ ಮೇಲಿರಲಿ. ಜಾತ್ರೆಯ ಜನಸಂದಣಿ, ತೀರ್ಥ, ಪಂಚಾಮೃತ, ಹಸಿ ತುಳಸಿ ಸದ್ಯ ಬೇಡ. ಬಿಸಿಯಾಗಿ ಮನೆಯಲ್ಲೇ ಮಾಡಿದ ನೈವೇದ್ಯ ಧಾರಾಳವಾಗಿ ತಿನ್ನಲಿ. ಕೂದಲು ಉದುರಿದ್ದಕ್ಕೆ ನಮ್ಮ ಕಡೆ ಒಂದು ಅನುಕೂಲವಿದೆ. ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿ ಕೊಟ್ಟು ಬಂದ ಬೋಳುತಲೆಯ ಮಕ್ಕಳನ್ನು ನೋಡಿ ಯಾರೂ ಬೆರಗಾಗುವುದಿಲ್ಲ. ಉಳಿದ ಕೂದಲು ತೆಗೆಸಬೇಕಿದ್ದರೆ ಟ್ರಿಮ್ಮರ್ ಬಳಸಿ, ಕತ್ತಿ ತಾಗಿಸಬೇಡಿ. ಊಟದ ನಿಯಮ ಸರಳ: ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ಆಗಷ್ಟೇ ಬೇಯಿಸಿದ ಬಿಸಿ ಊಟ, ಸಿಪ್ಪೆ ಸುಲಿಯಬಹುದಾದ ಹಣ್ಣು. ಕೊಟ್ಟಿಗೆ, ಹುಲ್ಲಿನ ಮೆದೆ, ಗೋಡೆ ಒಡೆದು ಕಟ್ಟುತ್ತಿರುವ ಜಾಗದ ಧೂಳಿನಲ್ಲಿ ಶ್ವಾಸಕೋಶಕ್ಕೆ ಹೊಕ್ಕುವ ಬೂಷ್ಟು ಇರುತ್ತದೆ, ಅಲ್ಲಿಂದ ದೂರವಿಡಿ.

ಮೈದುನನ ಮಗುವಿನ ಬಗ್ಗೆ ಮರೆಯುವ ಮೊದಲೇ ಹೇಳುತ್ತೇನೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ, ವಾರಗಟ್ಟಲೆ ಆ ಮಗುವಿನ ಮಲದಲ್ಲಿ ಹೊರಬೀಳುತ್ತದೆ. ನಿಮ್ಮ ಮಗನಿಗೂ, ಅದೇ ಮನೆಯಲ್ಲಿರುವ ಕೂಸಿಗೂ ಆ ಹನಿ ಬೇಡ, ಇಂಜೆಕ್ಷನ್ ರೂಪದ ಪೋಲಿಯೊ ಲಸಿಕೆ ಹಾಕಿಸಿ. ಪಲ್ಸ್ ಪೋಲಿಯೊ ದಿನ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿಡಿ. ಮನೆಯ ಉಳಿದ ಮಕ್ಕಳಿಗೆ ದಡಾರ, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆಗಳು ಪೂರ್ತಿ ಆಗಿರುವುದು ನಿಮ್ಮ ಮಗನಿಗೇ ರಕ್ಷೆ. ಯಾರಿಗಾದರೂ ಸೀತಾಳೆ ಸಿಡುಬು ಅಥವಾ ದಡಾರ ಬಂದು ನಿಮ್ಮ ಮಗ ಅವರ ಜೊತೆ ಇದ್ದಿದ್ದರೆ ಗುಳ್ಳೆ ಏಳಲಿ ಎಂದು ಕಾಯದೆ ಅದೇ ದಿನ ಫೋನ್ ಮಾಡಿ. ಮೊದಲ ಕೆಲವು ದಿನಗಳಲ್ಲಿ ಕೊಡಬಹುದಾದ ತಡೆ ಔಷಧಿ ಇದೆ. ರಕ್ತ ಬೇಕೆಂದಾಗ ನೀವಾಗಲಿ ಹತ್ತಿರದ ಬಂಧುಗಳಾಗಲಿ ಬ್ಲಡ್ ಬ್ಯಾಂಕಿಗೆ ಕೊಡಿ, ಆದರೆ ನಿಮ್ಮ ರಕ್ತವನ್ನೇ ಮಗನಿಗೆ ನೇರವಾಗಿ ಹಾಕಿಸಬೇಕೆಂದು ಒತ್ತಾಯಿಸಬೇಡಿ. ರಕ್ತಸಂಬಂಧಿಗಳ ರಕ್ತದಿಂದ ಇಂಥ ಮಕ್ಕಳಿಗೆ ಅಪರೂಪದ ಆದರೆ ಭೀಕರವಾದ ಪ್ರತಿಕ್ರಿಯೆ ಆಗಬಹುದು.

ಮಗಳಿಗೆ ನೀವು ಏನು ಹೇಳಿದ್ದೀರಿ ಎಂದು ಬರೆದಿಲ್ಲ. ತಮ್ಮನಿಗೆ ಜ್ವರ ಎಂದಷ್ಟೇ ಹೇಳಿದ್ದರೆ ಒಂಬತ್ತು ವರ್ಷದ ಹುಡುಗಿ ಅದನ್ನು ನಂಬಿರುವುದಿಲ್ಲ, ದೊಡ್ಡವರ ಪಿಸುಮಾತು ಕೇಳಿ ಇನ್ನೂ ಕೆಟ್ಟದ್ದನ್ನು ಊಹಿಸಿಕೊಂಡಿರುತ್ತಾಳೆ. ಕಾಯಿಲೆಯ ಹೆಸರು ಹೇಳಿ. ಅಂಟುವುದಿಲ್ಲ ಎಂದು ಹೇಳಿ. ತಮ್ಮನ ಜೊತೆ ಜಗಳವಾಡಿದ್ದಕ್ಕೆ ಇದು ಬಂದಿಲ್ಲ ಎಂದೂ ಹೇಳಿ, ಆ ವಯಸ್ಸಿನವರು ಹಾಗೂ ಯೋಚಿಸುತ್ತಾರೆ. ಪ್ರತಿ ರಾತ್ರಿ ಒಂದೇ ಹೊತ್ತಿಗೆ ಅವಳಿಗೆ ಫೋನ್ ಮಾಡಿ, ಆ ಹತ್ತು ನಿಮಿಷದಲ್ಲಿ ತಮ್ಮನ ಕಾಯಿಲೆಯ ಸುದ್ದಿ ಬೇಡ, ಅವಳ ಶಾಲೆಯ ಮಾತೇ ಆಗಲಿ. ಕಣಗಳು ಚೆನ್ನಾಗಿರುವ, ಅವಳಿಗೆ ಕೆಮ್ಮು ನೆಗಡಿ ಇಲ್ಲದ ದಿನಗಳಲ್ಲಿ ಮನೆಗೆ ಕರೆತನ್ನಿ. ಮೇಂಟೆನೆನ್ಸ್ ಶುರುವಾಗಿ ಸ್ಥಿರವಾದ ಮೇಲೆ ಅವಳು ಪೂರ್ತಿ ಮನೆಗೆ ಬರಬಹುದು, ಇವನೂ ಅಂಗನವಾಡಿಗೋ ಶಾಲೆಗೋ ಹೋಗಬಹುದು.

ನಿಮ್ಮ ಯಜಮಾನರ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ತೋಟ, ಸಾಲ, ಓಡಾಟದಲ್ಲಿ ಅವರು ಮುಳುಗಿರಬಹುದು. ಆದರೂ ಯಾವುದಾದರೂ ಒಂದು ಕೆಲಸ ಪೂರ್ತಿ ಅವರದಾಗಲಿ. ಬೆನ್ನಿನ ಇಂಜೆಕ್ಷನ್ ದಿನ ಅವರೇ ಬರಲಿ, ಆ ದಿನ ನೀವು ನಿದ್ದೆ ಮಾಡಿ. ಔಷಧಿ ಕೊಡುವ ರೀತಿ, ಜ್ವರದ ನಿಯಮ ಇಬ್ಬರಿಗೂ ಗೊತ್ತಿರಬೇಕು. ನೀವೇ ಮಲಗಿಬಿಟ್ಟರೆ? ನಿದ್ದೆ ಬಾರದೆ, ಊಟ ಸೇರದೆ ವಾರಗಳು ಕಳೆದರೆ ನಮ್ಮ ಆಸ್ಪತ್ರೆಗಳಲ್ಲಿರುವ ಆಪ್ತಸಮಾಲೋಚಕರ ಬಳಿ ಮಗನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲೇ ಹೋಗಿ.

ಹಣದ ಕಾರಣಕ್ಕೆ ಒಂದು ಭೇಟಿಯೂ ತಪ್ಪಬಾರದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ರೇಷನ್ ಕಾರ್ಡ್, ಆಧಾರ್ ಸಮೇತ ಕಾಣಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ, ಅದರ ನಮೂನೆಗೆ ವೈದ್ಯರ ಸಹಿ ಬೇಕು. ಉಳಿಯಲು ಜಾಗ, ಪೌಷ್ಟಿಕ ಆಹಾರಕ್ಕೆ ನೆರವಾಗುವ ಸಂಸ್ಥೆಗಳ ವಿವರ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ ಇರುತ್ತದೆ. ಬಸ್ ಚಾರ್ಜಿಗೆ ದುಡ್ಡಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿ ಚಿಕಿತ್ಸೆಯನ್ನೇ ಬಿಟ್ಟವರಿದ್ದಾರೆ. ದಯವಿಟ್ಟು ಹೇಳಿ. ನಾಲ್ಕು ವಾರ ಚಿಕಿತ್ಸೆ ತಪ್ಪಿದರೆ ವೈದ್ಯಕೀಯದಲ್ಲಿ ಅದನ್ನು ಚಿಕಿತ್ಸೆ ಕೈಬಿಟ್ಟಂತೆಯೇ ಎಣಿಸುತ್ತಾರೆ.

ಫೈಲನ್ನು ಜೋಪಾನ ಮಾಡಿ, ಚಿಕಿತ್ಸೆ ಮುಗಿದ ಮೇಲೂ. ಯಾವ ಔಷಧಿ ಒಟ್ಟು ಎಷ್ಟು ಹೋಯಿತು ಎಂಬ ಸಾರಾಂಶ ಹಾಳೆಯನ್ನು ಕೊನೆಯಲ್ಲಿ ಕೇಳಿ ಪಡೆಯಿರಿ. ಕೆಂಪು ಬಣ್ಣದ ಇಂಜೆಕ್ಷನ್ ಹೃದಯದ ಮೇಲೆ, ಸ್ಟೀರಾಯ್ಡ್ ಮೂಳೆಗಳ ಮೇಲೆ ತಡವಾಗಿ ಪರಿಣಾಮ ತೋರಬಹುದು. ಆದ್ದರಿಂದ ಹೃದಯದ ಎಕೋ ಪರೀಕ್ಷೆ, ಎತ್ತರ ತೂಕ, ಓದಿನಲ್ಲಿ ಗಮನ ಹೇಗಿದೆ ಎಂಬುದನ್ನು ವರ್ಷಗಳ ಕಾಲ ನೋಡುತ್ತಿರುತ್ತೇವೆ. ಸೋಂಕು ತಡೆಯಲು ವಾರಕ್ಕೆ ಎರಡು ಮೂರು ದಿನ ಕೊಡುವ ಸೆಪ್ಟ್ರಾನ್ ಮಾತ್ರೆಯನ್ನು ಕಿಮೋ ನಿಂತ ದಿನವೇ ನಿಲ್ಲಿಸಬೇಡಿ, ನಾವು ಹೇಳುವವರೆಗೆ ಮುಂದುವರಿಸಿ. ಬಾಲ್ಯದ ಲಸಿಕೆಗಳನ್ನು ಚಿಕಿತ್ಸೆ ಮುಗಿದ ಸುಮಾರು ಆರು ತಿಂಗಳಿಗೆ ಮತ್ತೆ ಹಾಕಿಸಬೇಕಾಗುತ್ತದೆ, ಹಳೆಯ ಲಸಿಕೆ ಕಾರ್ಡನ್ನೂ ಆ ಫೈಲಿನಲ್ಲೇ ಇಟ್ಟುಕೊಳ್ಳಿ.